ನಂದಾ ತೋರಿಸಿದ ಕಾರ್ಟೂನು

ದುಮ್ಮವಾಡದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ರೋಹಿಣಿ ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದಳು. ಕಲಘಟಗಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಚೆನ್ನಾಗಿಯೇ ಕಲಿಸುತ್ತಾಳೆಂದು ಊರಿನವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದರಲ್ಲೂ ಮಹಾಲಕ್ಷ್ಮಿ ಎಂಬ ಹುಡುಗಿ ಅವಳನ್ನು ಬಿಟ್ಟಿರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೂ ಬಸ್ಸು ಬರುವವರೆಗೆ ನಿಂತು ಏನಾದರೊಂದು ಪ್ರಶ್ನೆ ಕೇಳುತ್ತಿದ್ದಳು.

ಆ ಜೂನಿನಲ್ಲಿ ಹಿಂದಿ ಕಲಿಸಲು ಅತಿಥಿ ಶಿಕ್ಷಕಿಯಾಗಿ ನಂದಾ ಬಂದಳು. ವಯಸ್ಸು ಚಿಕ್ಕದು, ನಗು ಜಾಸ್ತಿ. ಮಕ್ಕಳ ಕಿವಿಗೆ ಹಿಂದಿ ಬೀಳಲೆಂದು ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಶಾಲೆಯ ಟಿವಿಯಲ್ಲಿ ಒಂದು ಜಪಾನಿ ಕಾರ್ಟೂನು ಹಚ್ಚಿ ತೋರಿಸತೊಡಗಿದಳು. ಔಷಧದ ಪೆಟ್ಟಿಗೆ ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ತಿರುಗುವ ಹುಡುಗಿಯೊಬ್ಬಳ ಕತೆ ಅದು. ಮಾತೆಲ್ಲ ಹಿಂದಿಯಲ್ಲಿತ್ತು. ಶನಿವಾರ ಶಾಲೆ ತಪ್ಪಿಸುತ್ತಿದ್ದ ಮಕ್ಕಳೂ ಬರತೊಡಗಿದರು.

ಒಂದು ಸಂಜೆ ಮಿಂಚು ಹೊಳೆದಾಗ ವರಾಂಡದಲ್ಲಿದ್ದ ಮಕ್ಕಳು ಒಟ್ಟಿಗೆ ಎಣಿಸಲು ಶುರುಮಾಡಿದರು. ರೋಹಿಣಿ ಹೊರಗೆ ಬಂದಳು. ಮಹಾಲಕ್ಷ್ಮಿ ಓಡಿಬಂದು ಹೇಳಿದಳು:

"ಅಕ್ಕೋರ, ಮಿಂಚಿನ ಬೆಳಕ ಮೊದಲ ಬರತೈತ್ರಿ, ಸಪ್ಪಳ ಹಿಂದ ಬೀಳತೈತ್ರಿ. ನಡುವ ಎಣಿಸಿದ್ರ ಸಿಡಿಲ ಎಷ್ಟ ದೂರ ಐತಿ ಅಂತ ತಿಳೀತೈತ್ರಿ."

"ಯಾರ ಹೇಳಿಕೊಟ್ರು?"

"ಕಾರ್ಟೂನಿನಾಗ ಐತ್ರಿ. ಆ ಹುಡುಗಿ ಹಂಗ ಎಣಿಸ್ತಾಳ್ರಿ."

"ಹೋದ ವರ್ಷ ಎಂಟನೇ ಕ್ಲಾಸಿನಾಗ ನಾ ಹೇಳಿದ್ನಲ್ಲ."

ಹುಡುಗಿ ನೆನಪು ಮಾಡಿಕೊಳ್ಳಲು ನೋಡಿದಳು. "ಹೇಳಿದ್ರೇನ್ರಿ?" ಎಂದಳು. ಅವಳ ದನಿಯಲ್ಲಿ ಯಾವ ಕುಹಕವೂ ಇರಲಿಲ್ಲ. ಅದಕ್ಕೇ ಆ ಮಾತು ರೋಹಿಣಿಗೆ ಇನ್ನೂ ಹೆಚ್ಚು ಚುಚ್ಚಿತು.

ಆ ಪಾಠಕ್ಕೆ ಅವಳು ತಾನೇ ಖರ್ಚು ಮಾಡಿ ಚಾರ್ಟು ಬರೆಸಿದ್ದಳು. ಬಾಚಣಿಕೆಯಿಂದ ಕಾಗದದ ಚೂರು ಎತ್ತಿ ತೋರಿಸಿದ್ದಳು. ಅದೊಂದೂ ಹುಡುಗಿಯ ನೆನಪಿನಲ್ಲಿ ಉಳಿದಿರಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ನಂದಾಗೆ ಅಂದಳು: "ಹಿಂದಿ ಕಲಿಸ್ರಿ ಅಂದ್ರ ಕಾರ್ಟೂನು ಹಚ್ಚಿ ಕುಂದರಸ್ತೀರಿ."

"ಅದರಾಗ ಹಿಂದಿನೂ ಐತಿ, ನಿಮ್ಮ ವಿಜ್ಞಾನನೂ ಐತ್ರಿ ಮೇಡಂ. ಒಂದ ಸಲ ಬಂದು ನೋಡ್ರಲ್ಲ," ಎಂದು ನಂದಾ ನಕ್ಕಳು.

ರೋಹಿಣಿ ಹೋಗಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗಲೂ, ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಆ ನಗು ಕಣ್ಣಿಗೆ ಕಟ್ಟುತ್ತಿತ್ತು. ಈಗ ಬಸ್ಸಿಗೆ ಕಾಯುವಾಗ ಮಹಾಲಕ್ಷ್ಮಿ ಜೊತೆಗಿರುತ್ತಿರಲಿಲ್ಲ. ನಂದಾಳ ಸ್ಕೂಟಿಯ ಸುತ್ತ ನಿಂತ ಗುಂಪಿನಲ್ಲಿ ಇರುತ್ತಿದ್ದಳು. ನಾಳೆ ಬಿಟ್ಟು ಹೋಗುವವಳ ಮೇಲೆ ಈ ಮಕ್ಕಳಿಗೆ ಇಷ್ಟು ಮೋಹ ಯಾಕೆಂದು ರೋಹಿಣಿ ದೂರದಿಂದ ನೋಡುತ್ತಿದ್ದಳು.

ಸೋಯಾ ಕೊಯ್ಲಿನ ದಿನಗಳು ಬಂದವು. ಒಂದು ಶನಿವಾರ ಅವಳಿಗೆ ತಡೆಯಲಾಗಲಿಲ್ಲ. ಟಿವಿ ಕೋಣೆಯ ಕಿಟಕಿಯ ಬಳಿ ಮರೆಯಾಗಿ ನಿಂತಳು. ತೆರೆಯ ಮೇಲೆ ಬಿರುಗಾಳಿ ಎದ್ದಿತ್ತು. ಹುಡುಗಿ ಎಣಿಸುತ್ತ ಎಣಿಸುತ್ತ, ಸಿಡಿಲು ಹತ್ತಿರ ಬಂತೆಂದು ತಿಳಿದು ಬಯಲಿನ ಒಂಟಿ ಮರದ ಬುಡಕ್ಕೆ ಓಡಿದಳು. ಮರ ಅವಳನ್ನು ಕಾಪಾಡಿತು. ಮಕ್ಕಳು ಚಪ್ಪಾಳೆ ತಟ್ಟಿದರು, ನಂದಾಳೂ ತಟ್ಟಿದಳು.

ಇದು ಸುಳ್ಳು, ಸಿಡಿಲು ಬಡಿಯುವುದು ಒಂಟಿ ಮರಕ್ಕೇ ಎಂದು ರೋಹಿಣಿಗೆ ತಕ್ಷಣ ಗೊತ್ತಾಯಿತು. ಅದರ ಜೊತೆಗೇ ಎದೆಯಲ್ಲಿ ಒಂದು ಸಂತೋಷ ಹುಟ್ಟಿತು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಂದಾ "ಹೌದೇನ್ರಿ ಮೇಡಂ" ಎಂದು ನಕ್ಕು ಒಪ್ಪಿಕೊಂಡುಬಿಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಸೋಮವಾರ ಹೆಡ್‌ಮಾಸ್ತರರ ಮುಂದೆ ಮೀಟಿಂಗಿದೆ. ಅಲ್ಲಿ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಅವಳು ಸದ್ದಿಲ್ಲದೆ ಹಿಂದಿರುಗಿದಳು. ಬಸ್ಸಿನ ತುಂಬ ಅದೇ ಮಾತನ್ನು ಜೋಡಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಮಳೆ ಬಂತು.

ಸೋಮವಾರ ಶಾಲೆಯ ಗೇಟಿನಲ್ಲೇ ಸುದ್ದಿ ಸಿಕ್ಕಿತು. ಮಹಾಲಕ್ಷ್ಮಿ ಅವ್ವನ ಜೊತೆ ಸೋಯಾ ಕೊಯ್ಯಲು ಹೋಗಿದ್ದಳು. ಅವ್ವ ಮರೆವ್ವ ಬೆಳೆಗೆ ಹೊದಿಸುವ ತಾಡಪಾಲು ತರಲು ಆಚೆ ಹೋದಾಗ ಬದುವಿನ ಮಾವಿನ ಮರಕ್ಕೆ ಸಿಡಿಲು ಹೊಡೆಯಿತು. ಕಟ್ಟಿದ್ದ ಎರಡು ಆಡು ಅಲ್ಲೇ ಸತ್ತವು. ಹುಡುಗಿ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಳು.

ರೋಹಿಣಿ ಮತ್ತು ನಂದಾ ಒಂದೇ ಬಸ್ಸಿನಲ್ಲಿ ಹೋದರು. ಹುಡುಗಿಗೆ ಎಚ್ಚರ ಬಂದಿತ್ತು. ಬಲಗಾಲು ಸುಟ್ಟಿತ್ತು, ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಂದಾಳನ್ನು ಕಂಡು ಮುಖ ಅರಳಿಸಿದಳು.

"ನಾ ಎಣಿಸಿದ್ನಿರಿ ಅಕ್ಕೋರ. ಸಿಡಿಲ ಅಗದಿ ಹತ್ತರ ಬಂತಂತ ಗೊತ್ತಾತ್ರಿ. ಅದಕ್ಕ ಮಾವಿನ ಗಿಡದ ಕೆಳಗ ಹೋದ್ನಿ, ಕಾರ್ಟೂನಿನ ಹುಡುಗಿ ಹೋಗಿದ್ಲಲ್ರಿ."

ನಂದಾ ಮಂಚದ ಸರಳು ಹಿಡಿದು ನಿಂತೇ ಇದ್ದಳು. ಆಗಲೂ, ಆ ಸ್ಥಿತಿಯಲ್ಲೂ, ಹುಡುಗಿ ತನ್ನ ಕಡೆಗೆ ಮೊದಲು ನೋಡಲಿಲ್ಲವಲ್ಲ ಎಂದು ರೋಹಿಣಿಯ ಒಳಗೆ ಕಿಚ್ಚು ಎದ್ದಿತು. ಅದು ಎದ್ದದ್ದು ಗೊತ್ತಾಗಿ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಆ ವಾರ ಹೆಡ್‌ಮಾಸ್ತರ ಮೈಲಾರಪ್ಪ ಪಾಲಕರನ್ನು ಕರೆಸಿದರು. ಹುಡುಗಿಯ ಅಪ್ಪ ಭೀಮಶಿ ಗೋಡೆಗೆ ಒರಗಿ ನಿಂತಿದ್ದ. ನಂದಾಳನ್ನು ಕೆಲಸದಿಂದ ಬಿಡಿಸಬೇಕು, ಟಿವಿಗೆ ಕೀಲಿ ಹಾಕಬೇಕು ಎಂದು ಎಲ್ಲರೂ ಹೇಳಿದರು. ಮೈಲಾರಪ್ಪ ರೋಹಿಣಿಯ ಕಡೆ ತಿರುಗಿದರು.

"ನೀವು ಸೈನ್ಸ್ ಟೀಚರ್. ನೀವ ಹೇಳ್ರಿ. ಈ ಕಾರ್ಟೂನಿನಿಂದ ಹುಡುಗರಿಗೆ ಏನರ ಉಪಯೋಗ ಐತೇನು, ಇಲ್ಲೋ?"

ಶನಿವಾರದಿಂದ ಅವಳು ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಇಲ್ಲ ಎಂದರೆ ನಂದಾ ನಾಳೆಯಿಂದ ಇರುವುದಿಲ್ಲ.

"ಎಣಿಸೂದು ಖರೇ ಐತ್ರಿ ಸರ್," ಎಂದಳು. "ನಾ ಕಲಿಸಿದಾಗ ಯಾರಿಗೂ ನೆನಪ ಉಳೀಲಿಲ್ಲ, ಅದರಿಂದ ಉಳೀತು. ಗಿಡ ಕಾಪಾಡತೈತಿ ಅನ್ನೂದು ಸುಳ್ಳು. ಅದು ಸುಳ್ಳಂತ ನನಗ ಶನಿವಾರನ ಗೊತ್ತಿತ್ತು. ಕಿಡಕಿಗೆ ನಿಂತು ನೋಡಿದ್ದೆ. ಒಳಗ ಹೋಗಿ ಹೇಳಲಿಲ್ಲ."

"ಯಾಕ್ರಿ?" ಕೇಳಿದವನು ಭೀಮಶಿ.

"ಹೊಟ್ಟಿಕಿಚ್ಚು. ಹುಡುಗರು ಆಕಿ ಹಿಂದ ಹೋದ್ರಂತ."

ಭೀಮಶಿ ಗೋಡೆ ಬಿಟ್ಟು ಮುಂದೆ ಬಂದ. "ನನ್ನ ಮಗಳು ಉಳಿದಾಳ, ಅದಕ್ಕ ಸುಮ್ಮನದೀನಿ," ಎಂದು ಹೊರಗೆ ಹೋದ.

ನಂದಾ ಉಳಿದಳು. ಟಿವಿ ಹಚ್ಚಿದಾಗ ವಿಜ್ಞಾನದ ಶಿಕ್ಷಕಿ ಒಳಗೆ ಕೂತಿರಬೇಕೆಂದು ಮೈಲಾರಪ್ಪ ಹೇಳಿದರು. ಮೊದಮೊದಲು ನಂದಾ ಅವಳೊಡನೆ ಮಾತಾಡುತ್ತಿರಲಿಲ್ಲ, ರಿಮೋಟು ಮೇಜಿನ ಮೇಲಿಟ್ಟು ದೂರ ಸರಿಯುತ್ತಿದ್ದಳು. ರೋಹಿಣಿ ಆ ಮರದ ದೃಶ್ಯವನ್ನು ಮತ್ತೆ ಹಚ್ಚಿ ನಡುವೆ ನಿಲ್ಲಿಸಿದಳು. ಸಿಡಿಲು ಎತ್ತರದ್ದಕ್ಕೆ ಮೊದಲು ಹೊಡೆಯುತ್ತದೆ, ಮರ ಬಿಟ್ಟು ದೂರ ಹೋಗಬೇಕು, ಗಟ್ಟಿ ಮನೆ ಹತ್ತಿರವಿದ್ದರೆ ಒಳಗೆ ಸೇರಬೇಕು, ಇಲ್ಲದಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು ಎಂದು ಹೇಳಿದಳು. ಇನ್ನೆಲ್ಲಿ ತಪ್ಪಿದೆ ಎಂದು ಮಕ್ಕಳೇ ಹುಡುಕತೊಡಗಿದರು, ಒಬ್ಬರ ಮೇಲೊಬ್ಬರು ಬಿದ್ದು ವಾದ ಮಾಡಿದರು. ಅವಳ ತರಗತಿಯಲ್ಲಿ ಹಿಂದೆಂದೂ ಅಷ್ಟು ಗಲಾಟೆ ಆಗಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಮಹಾಲಕ್ಷ್ಮಿ ಕುಂಟುತ್ತ ಶಾಲೆಗೆ ಬಂದಳು. ಟಿವಿ ಕೋಣೆಗೆ ಬಂದು ನಂದಾಳ ಬಾಜು ಕೂತಳು. ನಂದಾ ಸ್ವಲ್ಪ ಸರಿದು ರೋಹಿಣಿಗೂ ಜಾಗ ಮಾಡಿದಳು. ರೋಹಿಣಿಯೊಳಗೆ ಹಳೆಯ ಕಿಚ್ಚು ಮತ್ತೆ ಎದ್ದಿತು, ಆದರೂ ಹೋಗಿ ಕೂತಳು.