ಬಿರುಕಿನ ಮೇಲೆ ಗಾಜು

ಬೆಳಿಗ್ಗೆಯಿಂದ ಚಂಪಾ ಆ ಗೋಡೆಗೆ ಬೆನ್ನು ಹಾಕಿ ನಿಂತದ್ದೇ ಇಲ್ಲ. ಅಡುಗೆಮನೆಯ ಗೋಡೆಯಲ್ಲೊಂದು ಬಿರುಕು, ಅದಕ್ಕೆ ಅಡ್ಡವಾಗಿ ಗಾರೆಯಲ್ಲಿ ಕೂರಿಸಿದ ಗಾಜಿನ ಪಟ್ಟಿ. ಗೋಡೆ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆದರೆ ಮನೆ ಅಪಾಯದ್ದೆಂದು ಬರೆದು ಎಲ್ಲರನ್ನೂ ಖಾಲಿ ಮಾಡಿಸುತ್ತಾರೆ. ಹಾಗೆಂದು ಹೇಳಿ ಹೋಗಿದ್ದ ಸರ್ಕಾರಿ ಇಂಜಿನಿಯರು ಇವತ್ತು ನೋಡಲು ಬರುವವನಿದ್ದ.

ಮುಂಬಯಿಯ ಬಾಂದ್ರಾದ ಆ ಕರಿಕಲ್ಲಿನ ಮನೆ ಸಾವಿರದ ಒಂಬೈನೂರ ಎಪ್ಪತ್ಮೂರರ ಹೊತ್ತಿಗೆ ಬಂದವರ ಕೈಗೆಲ್ಲ ಸಿಕ್ಕು ಸಾಕಷ್ಟು ಪಾಡು ಪಟ್ಟಿತ್ತು. ಕಟ್ಟಿಸಿದವರು ಅಲ್ಲಿಯದೇ ಹಳೇ ಕ್ರಿಸ್ತ ಕುಟುಂಬದವರು. ಮೊಳ ದಾಟುವ ದಪ್ಪದ ಗೋಡೆ, ಕಮಾನಿನ ಬಾಗಿಲು, ಮುಂದೆ ಮರದ ಜಾಲರಿಯ ಜಗಲಿ, ಮೇಲೆ ಮಂಗಳೂರು ಹೆಂಚು. ಮಕ್ಕಳು ಜಗಳವಾಡಿ ಮಾರಿದರು. ಕೊಂಡ ಪಾರ್ಸಿ ಸಾಹುಕಾರ ಹೆಂಚು ಇಳಿಸಿ, ಕಲ್ಲಿನ ತಲೆಯ ಮೇಲೆ ಇಟ್ಟಿಗೆಯ ಮಹಡಿ ಹೊರಿಸಿದ. ಅವನಿಂದ ಕೊಂಡ ಬಟ್ಟೆ ವ್ಯಾಪಾರದ ಸೇಠ್ ಬಾಡಿಗೆಯ ಆಸೆಗೆ ಹಜಾರಗಳನ್ನು ಹಲಗೆಯಿಂದ ಕೋಣೆ ಕೋಣೆ ಮಾಡಿದ್ದು ಸಾಲದೆ, ಕೆಳಗಿನ ಕಲ್ಲುಗೋಡೆಯನ್ನೇ ಒಡೆದು ಹೊಸ ಬಾಗಿಲು ತೆಗೆಸಿದ. ಬಿರುಕು ಹುಟ್ಟಿದ್ದು ಆ ಬಾಗಿಲಿನ ನೆತ್ತಿಯಲ್ಲಿ. ಅಲ್ಲಿಂದ ಮೇಲೇರಿ, ಮಹಡಿಯಲ್ಲಿ ಬಾಡಿಗೆಗಿದ್ದ ಚಂಪಾಳ ಒಲೆಯ ಪಕ್ಕ ಬಂದಿತ್ತು. ಈಗ ಸೇಠನ ಮಗನಿಗೆ ಮನೆ ಬೇಡ, ಜಾಗ ಬೇಕು. ಮಳೆಗೆ ಮಾಡು ಸೋರಿದರೂ ತಿರುಗಿ ನೋಡದ ಆ ಪುಣ್ಯಾತ್ಮ ಇಂಜಿನಿಯರನ್ನು ಕರೆಸಲು ಮಾತ್ರ ಮರೆಯಲಿಲ್ಲ.

ಗಂಡ ಹೋದ ಮೇಲೆ, ಸ್ಟೇಷನ್ ಹತ್ತಿರದ ಹೋಟೆಲಿಗೆ ಇಡ್ಲಿ ಹಿಟ್ಟು ರುಬ್ಬಿಕೊಟ್ಟು ಬದುಕುತ್ತಿದ್ದ ಚಂಪಾಳಿಗೆ ಈ ಕೋಣೆ ಬಿಟ್ಟರೆ ಬೇರೆ ನೆಲೆಯಿರಲಿಲ್ಲ.

ನಿಜ ಹೇಳಬೇಕೆಂದರೆ ಗಾಜು ಒಮ್ಮೆ ಒಡೆದೇ ಹೋಗಿತ್ತು. ಕುಂದಾಪುರದಿಂದ ತಂದ ರುಬ್ಬುವ ಕಲ್ಲನ್ನು ತಿರುಗಿಸುತ್ತಿದ್ದಾಗಲೇ ಟಿಕ್ಕೆಂದಿತ್ತು. ಜೀವ ಬಾಯಿಗೆ ಬಂದು ಅವಳು ಕೆಳಗಿನ ಕೋಣೆಗೆ ಓಡಿದ್ದಳು. ಅಲ್ಲಿದ್ದ ಜಮಾಲಸಾಬ ಬಿಜಾಪುರದ ಕಡೆಯವ, ಕಿಟಕಿಗೆ ಗಾಜು ಕೂರಿಸುವ ಕಸುಬಿನವ.

"ಗೋಡಿ ಸರದಿಲ್ಲ ಅಕ್ಕಾರ, ನಿಮ್ಮ ಕಲ್ಲು ಅದುರಿದ್ದಕ್ಕ ಒಡದೈತ್ರಿ," ಎಂದಿದ್ದ ಅವನು. "ಹೊಸಾದು ಕುಂದ್ರಸ್ತೀನಿ. ನೀವು ಇಲ್ಲಿ ರುಬ್ಬೂದು ಬಿಡ್ರಿ, ಅಷ್ಟ."

ಬೇಕಾಗಿದ್ದ ಮಾತೇ ಕಿವಿಗೆ ಬಿದ್ದಾಗ ಯಾರು ತಾನೇ ನಂಬುವುದಿಲ್ಲ? ಇಂಜಿನಿಯರು ಹಳೇ ಗಾರೆಯ ಮೇಲೆ ಬರೆದಿದ್ದ ತಾರೀಖನ್ನು ಜಮಾಲಸಾಬ ಹೊಸ ಗಾರೆಯ ಮೇಲೂ ಹಾಗೇ ಗೀಚಿದ. ಚಂಪಾ ಅಂದಿನಿಂದ ಅಕ್ಕಿ ಹೊತ್ತುಕೊಂಡು ಹೋಗಿ ಪಕ್ಕದ ಖಾರ್‌ ಬಡಾವಣೆಯ ಗೆಳತಿಯ ಮನೆಯಲ್ಲಿ ರುಬ್ಬಿ ತರುತ್ತಿದ್ದಳು.

ಇಂಜಿನಿಯರು ಬಂದ. ಕನ್ನಡಕ ಏರಿಸಿ ಗಾಜಿಗೆ ಮುಖವಿಟ್ಟು ನೋಡಿದ, ಗಾರೆಯನ್ನು ಉಗುರಿನಿಂದ ಕೆರೆದ.

"ಡರೋ ಮತ್, ಬಾಯಿ. ದೀವಾರ್ ಪಕ್ಕೀ ಹೈ," ಎಂದು ಗೋಡೆ ಗಟ್ಟಿಯಿದೆಯೆಂಬ ಭರವಸೆ ಕೊಟ್ಟು ಅವನು ಮೆಟ್ಟಿಲಿಳಿದ. ಜಮಾಲಸಾಬ ಅವನನ್ನು ಗೇಟಿನವರೆಗೆ ಕಳಿಸಲು ಹೋದ.

ಚಂಪಾ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಬ್ಬ, ಉಳಿಯಿತು. ಇನ್ನು ಒಂದು ಲೋಟ ಕಾಫಿಯಾದರೂ ನೆಮ್ಮದಿಯಿಂದ ಕುಡಿಯಬಹುದೆಂದು ಎದ್ದು ಒಲೆಯ ಹತ್ತಿರ ಹೋದಳು.

ಟಿಕ್.

ರುಬ್ಬುವ ಕಲ್ಲು ಮೂಲೆಯಲ್ಲಿ ಒಣಗಿ ಕೂತಿತ್ತು. ಕೋಣೆಯಲ್ಲಿ ಏನೂ ಅದುರಿರಲಿಲ್ಲ. ಆದರೂ ಗಾಜು ನಡುವೆ ಸೀಳಿತ್ತು.

ಹಾಗಾದರೆ ಮೊದಲ ಸಲವೂ ಕಲ್ಲಿನದಲ್ಲ ತಪ್ಪು.

ಇಂಜಿನಿಯರು ನೋಡಿಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಅವಳದೇ. ಜಮಾಲಸಾಬ ಇನ್ನೊಂದು ಗಾಜು ಕೂರಿಸಿಕೊಟ್ಟಾನು. ಅಷ್ಟರಲ್ಲಿ ನೆಲದ ಹಲಗೆಗಳ ಸಂದಿಯಿಂದ ತೊಟ್ಟಿಲ ಹಗ್ಗದ ಕಿರ್ ಕಿರ್ ಕೇಳಿಸಿತು. ಜಮಾಲಸಾಬನ ಮಗಳು ಗೌಹರ, ಬಾಣಂತಿ, ಮಗುವನ್ನು ತೂಗುತ್ತಿದ್ದಳು. ತೊಟ್ಟಿಲು ಕಟ್ಟಿದ್ದ ತೊಲೆ ಕೂತಿದ್ದು ಇದೇ ಗೋಡೆಯ ಮೇಲೆ; ಗೋಡೆ ಕುಸಿದರೆ ಮೊದಲು ಬೀಳುವುದು ಅದೇ.

ಆ ಗೋಡೆಯ ಮೇಲೆ, ಆ ಸೇಠನ ಮೇಲೆ, ತನ್ನ ಮೇಲೆ ಅವಳಿಗೆ ಒಟ್ಟಿಗೇ ಸಿಟ್ಟು ಉಕ್ಕಿತು. ಮೆಟ್ಟಿಲಿನ ನೆತ್ತಿಗೆ ಓಡಿದಳು.

"ಗೌಹರಾ! ಮಗು ಎತ್ಕೊಂಡು ಹೊರಗೆ ಓಡು ಮಾರಾಯ್ತಿ!"

ತೊಟ್ಟಿಲ ಸದ್ದು ನಿಂತಿತು. ಗೇಟಿನಲ್ಲಿ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದ ಇಂಜಿನಿಯರು ಮೆಟ್ಟಿಲ ಪಕ್ಕದ ಕಿಟಕಿಯಿಂದ ಕಾಣುತ್ತಿದ್ದ. ಚಂಪಾ ಸರಳುಗಳ ಆಚೆ ಕೈ ಚಾಚಿದಳು.

"ಸಾಬ್, ರುಕೋ! ಗಾಜು ಒಡೆದಿದೆ," ಎಂದು ಹರಕು ಹಿಂದಿಯಲ್ಲಿ ಕೂಗಿದಳು. "ಇದು ಎರಡನೇ ಸಲ."