ಸಹನಾಳ ನಕ್ಷತ್ರಗಳು

ಎಂಟನೇ ತರಗತಿಯ ಗೋಡೆಗೆ ನಕ್ಷತ್ರದ ಚಾರ್ಟು ಹಚ್ಚಿದವಳು ನಾನೇ, ಅನುಸೂಯ ಮಿಸ್ಸು. ಹಿರಿಯೂರಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಮಕ್ಕಳನ್ನು ಬಾಗಿಲಲ್ಲೇ ಹೆಸರು ಹಿಡಿದು ಕರೆಯಿರಿ, ಬಂದ ದಿನಕ್ಕೊಂದು ನಕ್ಷತ್ರ ಅಂಟಿಸಿ, ಹೊಗಳುವುದಿದ್ದರೆ ಎಲ್ಲರೆದುರು ಹೊಗಳಿ. ಬೆತ್ತ ಬೀರುವಿನ ಮೇಲೆ ಹೋಯಿತು. ಮಕ್ಕಳು ಗಂಟೆಗೆ ಮುಂಚೆಯೇ ಬರತೊಡಗಿದರು. ನನಗೋ, ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸಹನಾಳ ಸಾಲಿನಲ್ಲಿ ಮಾತ್ರ ತಿಂಗಳಿಗೆ ಐದು ಚೌಕ ಖಾಲಿ. ಅವರ ಹಟ್ಟಿಯಲ್ಲಿ ಮುಟ್ಟಾದವರು ಐದು ದಿನ ಊರಾಚೆಯ ಗುಡಿಸಲಿನಲ್ಲಿರಬೇಕು. "ಸುಮ್ನೆ ಬಂದ್ಬಿಡೇ" ಎಂದು ಕೆಣಕಿದ್ದೆ. ನನಗೇನು, ನನ್ನ ಮನೆ ಹಿರಿಯೂರಿನಲ್ಲಿದೆ.

ನವೆಂಬರಿನಲ್ಲಿ ಅವಳ ಸಾಲು ತುಂಬಿತು! ಪೋಷಕರ ಸಭೆಗೆ ಅವಳ ಅಜ್ಜಿ ಉಚ್ಚಂಗೆಮ್ಮ, ಅಪ್ಪ ಮಾರಣ್ಣ ಬಂದಿದ್ದರು. ಅವರೆದುರೇ ಚಪ್ಪಾಳೆ ಹೊಡೆಸಿದೆ. "ಸಹನಾ ಈ ತಿಂಗಳು ಒಂದು ದಿನವೂ ತಪ್ಪಿಸಿಲ್ಲ!"

ಹುಡುಗಿಯ ಮುಖ ಕಪ್ಪಿಟ್ಟಿತು. ಅಜ್ಜಿ ಎದ್ದು ನಿಂತಳು.

"ಒಂದ್ ದಿನಾನೂ ತಪ್ಸಿಲ್ವ? ಹೋದ್ ವಾರ ಗುಡ್ಲಾಗೆ ಕುಂತಿದ್ಲಲ್ಲ ಇವ್ಳು!"

ಬೆಳಿಗ್ಗೆ ಗುಡಿಸಲಿನಿಂದ ನುಸುಳಿ ಬಂದು, ಶಾಲೆಯ ಬಿಸಿಯೂಟ ಉಂಡು, ಸಂಜೆ ಮನೆಯಿಂದ ಬುತ್ತಿ ಬರುವಷ್ಟರಲ್ಲಿ ವಾಪಸ್ಸಾಗುತ್ತಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ, ದಡ್ಡಿ ನಾನು.

ಮರುದಿನ ಹಟ್ಟಿಗೆ ಹೋದೆ. "ಕುಂತ್ಕಳ್ರಿ ಮೇಡಂ" ಎಂದು ಉಚ್ಚಂಗೆಮ್ಮ ಮರ್ಯಾದೆಯಿಂದಲೇ ಕಂಬಳಿ ಹಾಸಿದಳು. "ಇನ್ ಸಾಲೆ ಬ್ಯಾಡ. ಹಟ್ಟಿಗೆ ಕೇಡು ತರಾದು ಬ್ಯಾಡ."

"ಅದು ಮೈಲಿಗೆ ಅಲ್ಲಮ್ಮ. ನನಗೂ ಆಗುತ್ತೆ, ಆ ದಿನಾನೂ ಪಾಠ ಮಾಡ್ತೀನಿ. ಯಾರಿಗೆ ಏನು ಕೇಡಾಗಿದೆ?"

"ನಿಮ್ಗೆ ನಡೀತೈತೆ. ನಮ್ ದ್ಯಾವ್ರು ಹಂಗಲ್ಲ. ಆ ಗುಡ್ಲಾಗೇ ಮಳೆಯಾಗೆ ನೆನ್ಕಂಡು ಈ ಮಾರಣ್ಣನ್ನ ಹೆತ್ತೆ. ಸತ್ನಾ ಇವ್ನು?"

ಮಾರಣ್ಣ ತಲೆ ಎತ್ತಲಿಲ್ಲ. "ಅವ್ವನ್ ಮಾತು ಮೀರಾಕಾಗಲ್ಲ ಮೇಡಂ."

ಕಾನೂನು ಹೇಳಿದೆ, ಕೈ ಮುಗಿದೆ, ಕೊನೆಗೆ ಅತ್ತೂಬಿಟ್ಟೆ. ಮುದುಕಿ ಕುಡಿಯಲು ನೀರು ಕೊಟ್ಟಳೇ ಹೊರತು ಮಾತು ಬದಲಿಸಲಿಲ್ಲ.

ಹೊರಡುವಾಗ ಸಹನಾ ಬಾಗಿಲಲ್ಲಿ ನಿಂತಿದ್ದಳು.

"ಯಾಕ್ ಹೇಳಿದ್ರಿ ಮಿಸ್? ಕ್ಲಾಸಿನೋರಿಗೆಲ್ಲ ಗೊತ್ತಿತ್ತು. ಯಾರೂ ಹೇಳಿರ್ಲಿಲ್ಲ."

ನಾನು ಚಪ್ಪಲಿ ಮೆಟ್ಟುವಾಗ ಅವಳೇ ಮತ್ತೆ ಅಂದಳು:

"ನನ್ ನಕ್ಷತ್ರ ಕೀಳಬ್ಯಾಡ್ರಿ. ನಾನು ಬಂದಿದ್ದು ನಿಜ ಐತೆ."

ಕಿತ್ತಿಲ್ಲ. ಡಿಸೆಂಬರಿನ ಸಾಲು ಖಾಲಿಯಿದೆ. ಊರಾಚೆಯ ಗುಡಿಸಲು ಹಾಗೇ ಇದೆ. ಈ ವಾರ ಸಹನಾ ಮತ್ತೆ ಅದರೊಳಗಿದ್ದಾಳೆ, ಈಗ ಹಗಲೂ ಕೂಡ.