ಮುದ್ದನಕೊಪ್ಪಲಿನ ಬೆಳಗಿನ ಬಸ್ಸು

ಮುದ್ದನಕೊಪ್ಪಲಿಗೆ ಬೆಳಗಿನ ಬಸ್ಸು ಬರುವುದು ನಿಂತ ಮೇಲೆ ಚಿಕ್ಕಬಸಮ್ಮನ ಕಾಲು ಮತ್ತೆ ಊದಿಕೊಳ್ಳತೊಡಗಿತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಆ ಗುಳಿ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಸೊಸೆ ನೀಲಾಂಬಿಕೆ ದಿನಾ ಬೆಳಿಗ್ಗೆ ಒತ್ತಿ ನೋಡುತ್ತಿದ್ದಳು. ನೋಡಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ನೋಡುತ್ತಿದ್ದಳು.

ಮಂಗಳವಾರ ಮತ್ತು ಶುಕ್ರವಾರ ಹುಣಸೂರಿನ ಆಸ್ಪತ್ರೆಯಲ್ಲಿ ಅತ್ತೆಗೆ ಡಯಾಲಿಸಿಸ್. ಬೆಳಗಿನ ಪಾಳಿ. ಸಾಲಾಗಿ ಎರಡು ಸಲ ತಪ್ಪಿಸಿದರೆ ಮೈಯ ನೀರು ಶ್ವಾಸಕೋಶಕ್ಕೆ ಏರುತ್ತದೆ, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ನರ್ಸ್ ಹೇಳಿದ್ದಳು. ಬಸ್ಸು ನಿಂತ ಮೊದಮೊದಲು ಹಾಲಿನ ವ್ಯಾನಿನವನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಆಮೇಲೆ ಅವನ ಮಾಲೀಕ ಬೇಡವೆಂದ. ಮೇನ್ ರೋಡಿನವರೆಗೆ ನಡೆಯುವಂತಿರಲಿಲ್ಲ. ವೀರನಹೊಸಹಳ್ಳಿ ಕಡೆಯ ಕಾಡಿನಿಂದ ಇಳಿದ ಆನೆಗಳು ಚೆನ್ನಾಗಿ ಬೆಳಕಾಗುವವರೆಗೂ ಆ ದಾರಿಯ ಜೋಳದ ಹೊಲಗಳಲ್ಲೇ ಇರುತ್ತಿದ್ದವು. ಅದೇ ಭಯಕ್ಕೆ ಆಟೋದವರೂ ಬರುತ್ತಿರಲಿಲ್ಲ. ನೀಲಾಳ ಗಂಡ ಬೈಕಿನಲ್ಲಿ ಕೂರಿಸಿಕೊಂಡು ಹೊರಟ ದಿನ ಅತ್ತೆ ಅರ್ಧ ದಾರಿಯಲ್ಲಿ ತಲೆ ತಿರುಗಿ ಜಾರಿದಳು. ಕಾರು ಮಾಡಿಕೊಂಡು ಒಂದು ಸಲ ಹೋಗಬಹುದು, ಎರಡು ಸಲ ಹೋಗಬಹುದು. ವಾರಕ್ಕೆರಡರಂತೆ ವರ್ಷವೆಲ್ಲ ಆಗುವ ಮಾತಲ್ಲ. ಮಧ್ಯಾಹ್ನದ ಬಸ್ಸು ಹುಣಸೂರು ಸೇರುವಷ್ಟರಲ್ಲಿ ಅವಳ ಪಾಳಿ ಮುಗಿದಿರುತ್ತಿತ್ತು, ಮಧ್ಯಾಹ್ನದ ಪಾಳಿಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಒಂದು ಮಂಗಳವಾರ ತಪ್ಪಿಯೇ ಹೋಯಿತು.

ಪಂಚಾಯಿತಿ ಸದಸ್ಯ ಶಶಿಕುಮಾರ್ ಹೋರಾಟ ಮಾಡೋಣ ಎಂದ. ಫ್ಲೆಕ್ಸ್ ಮಾಡಿಸಿದ. ಅದರಲ್ಲಿ ಬಸ್ಸಿಗಿಂತ ಅವನ ಮುಖ ದೊಡ್ಡದಾಗಿತ್ತು.

"ಶಶಿಯಣ್ಣೋ, ಈ ಮೋರೆಗೆ ನಾಕು ಚಕ್ರ ಆಕ್ಸಿದ್ರೆ ಆಗೋದು. ನಿನ್ ಮ್ಯಾಲೇ ಕೂತ್ಕೊಂಡು ಹೋಗ್ಬುಡ್ತಿದ್ವಿ" ಎಂದಳು ಮುತ್ತಿ. ಅವಳು ಕಾಡಂಚಿನ ಗಿರಿಜನ ಹಾಡಿಯವಳು. ಹುಣಸೂರಿನಲ್ಲಿ ಗಾರೆ ಕೆಲಸಕ್ಕೆ ಅದೇ ಬಸ್ಸಿನಲ್ಲಿ ಹೋಗುತ್ತಿದ್ದಳು. ಈಗ ಕೆಲಸವಿಲ್ಲ.

"ನಗ್ಬೇಡ ಕಣಮ್ಮ, ಪೇಪರ್‌ನೋರು ಬತ್ತಾರೆ. ಎಲ್ಲಾ ಸ್ವಲ್ಪ ಬೇಜಾರಾಗಿರೋ ತರ ಇರಿ."

"ಅದೇನ್ ಕಷ್ಟ ಬುಡಣ್ಣ. ಸುಮ್ಕಿದ್ರೇ ಅಂಗೆ ಕಾಣ್ತೀವಿ."

ಹೊಗೆಸೊಪ್ಪು ಹದ ಮಾಡುವ ಕಾಲ. ಬೆಂಕಿ ಬಿಟ್ಟು ಬಂದರೆ ಸೊಪ್ಪು ಕೆಡುತ್ತದೆಂದು ಗಂಡಸರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್‌ಗಳ ಮುಂದೆ ಕೂತಿದ್ದರು. ಅವರಿಗೆ ಬೈಕುಗಳಿದ್ದವು, ಬಸ್ಸಿನ ಚಿಂತೆಯೂ ಅಷ್ಟಾಗಿ ಇರಲಿಲ್ಲ. ಹುಣಸೂರಿನ ಬಸ್ ಡಿಪೋಗೆ ಟ್ರ್ಯಾಕ್ಟರಿನಲ್ಲಿ ಹೋದವರು ಹೆಂಗಸರೇ. ಪೇಷಂಟು ಮುಂದೆ ಕಾಣುವಂತಿರಲಿ ಎಂದು ಶಶಿಕುಮಾರ್ ಚಿಕ್ಕಬಸಮ್ಮನನ್ನೂ ಹತ್ತಿಸಿ ಕುರ್ಚಿಯ ಮೇಲೆ ಕೂರಿಸಿದ. ಅವಳು ಹಣೆಗೆ ವಿಭೂತಿ ಇಟ್ಟು, ಒಗೆದ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಸೆರಗು ಹೊದ್ದು ಕೂತಳು. ಸಂಜೆ ಕ್ಲಾಸಿಗೆ ಹೋಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾಳೆಂದು ಮಾತಾಡುವ ಕೆಲಸ ನೀಲಾಳಿಗೆ ಬಿತ್ತು. ಹೇಳಬೇಕಾದದ್ದನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡಳು. ಪ್ರತಿಸಲವೂ ಬೇರೆ ರೀತಿ ಬಂತು. ಯಾವುದೂ ಸರಿಯೆನಿಸಲಿಲ್ಲ.

ಡಿಪೋ ಗೇಟಿನ ಹತ್ತಿರ "ಬೇಕೇ ಬೇಕು, ಬಸ್ಸು ಬೇಕು" ಎಂದು ಕೂಗಿದರು. ಫೋಟೋ ಆಯಿತು. ಆಮೇಲೆ ಮ್ಯಾನೇಜರ್ ಒಳಗೆ ಕರೆಸಿದ.

ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಚಿಕ್ಕಬಸಮ್ಮನಿಗೆ ಕುರ್ಚಿ ಹಾಕಿಸಿದ. ಎಲ್ಲರಿಗೂ ನೀರು ತರಿಸಿದ. ಚಿಕ್ಕಬಸಮ್ಮ ಲೋಟದಲ್ಲಿ ತುಟಿ ನೆನೆಸಿಕೊಂಡು ಉಳಿದದ್ದನ್ನು ಮುತ್ತಿಗೆ ಕೊಟ್ಟಳು. ಅವಳಿಗೆ ನೀರು ಕುಡಿಯಲೂ ಅಳತೆಯಿತ್ತು.

"ನಿಮ್ಮೂರಿಂದ ಬೆಳಿಗ್ಗೆ ಹತ್ತೋರೇ ಇಲ್ವಲ್ಲಮ್ಮ. ಖಾಲಿ ಬಸ್ಸು ಎಷ್ಟು ದಿನ ಅಂತ ಓಡಿಸೋಣ?" ಎಂದ ಮ್ಯಾನೇಜರ್.

"ಖಾಲಿನಾ?" ಮುತ್ತಿಗೆ ನಗು ಬಂತು. "ಸಾ, ನಾನು ಒಂದಿನಾನೂ ಸೀಟು ಕಂಡೋಳಲ್ಲ. ಬಾಗ್ಲಲ್ಲೇ ನೇತಾಡ್ಕೊಂಡು ಹೋಗಿರದು."

"ಮೆಷಿನ್ನಲ್ಲಿ ಹಾಗಿಲ್ಲ. ಯಾರೋ ಮೂರ್ನಾಲ್ಕು ಜನ ಗಂಡಸರದ್ದು ಬಿಟ್ಟರೆ ಟಿಕೆಟ್ಟೇ ಇಲ್ಲ."

"ಹೆಂಗಸರಿಗೆ ಫ್ರೀ ಅಲ್ವಾ ಸಾರ್?" ಎಂದಳು ನೀಲಾ.

"ಫ್ರೀ ಆದ್ರೂ ಟಿಕೆಟ್ ಹರಿಯಬೇಕಲ್ಲಮ್ಮ. ಅದರ ಲೆಕ್ಕ ನೋಡ್ಕೊಂಡೇ ಸರ್ಕಾರ ನಮಗೆ ದುಡ್ಡು ಕೊಡೋದು. ಟಿಕೆಟ್ ಹರಿದಿಲ್ಲ ಅಂದ್ರೆ ಜನ ಹತ್ತಿಲ್ಲ ಅಂತಾನೇ."

ಶಶಿಕುಮಾರ್ ಮಾತ್ರ "ಇದು ಸುಳ್ಳು ಲೆಕ್ಕ, ನಾವು ಒಪ್ಪಲ್ಲ" ಎಂದ. ಅವನು ಬಸ್ಸು ಹತ್ತಿ ವರ್ಷಗಳಾಗಿದ್ದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಬಂದರು.

ಲೆಕ್ಕ ಸುಳ್ಳಲ್ಲವೆಂದು ಅವರಿಗೆ ಗೊತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸದರಲ್ಲಿ, ಪುಕ್ಕಟೆ ಟಿಕೆಟ್ಟು ಹೆಚ್ಚಾದರೆ ನಷ್ಟವೆಂದು ಬಸ್ಸನ್ನೇ ನಿಲ್ಲಿಸಿಬಿಡುತ್ತಾರೆ ಎಂದು ಹಾಲಿನ ಡೈರಿಯ ಜಗುಲಿಯಲ್ಲಿ ಯಾರೋ ಹೇಳಿದ್ದರು. ಚಿಕ್ಕಬಸಮ್ಮನಿಗೆ ಅದು ನ್ಯಾಯವಾದ ಮಾತೆನಿಸಿತು. "ಕಾಸು ಕೊಡ್ದೆ ಕೂತ್ಕಳದಲ್ದೆ ಚೀಟಿ ಬೇರೆ ಈಸ್ಕೊಂಡು ಅವ್ರ ಲೆಕ್ಕ ಯಾಕ್ ಕೆಡ್ಸಾನ? ಇರೋದೊಂದು ಬಸ್ಸು. ಉಳಿಸ್ಕಳಾನ" ಎಂದಳು. ಊರಿನವರೂ ಹಾಡಿಯವರೂ ಒಪ್ಪಿದರು. ಮಾರನೆಯ ದಿನ ಕಂಡಕ್ಟರ್ ಚೆಲುವರಾಜು ಮೆಷಿನ್ ಹಿಡಿದು ಬಂದಾಗ ಎಲ್ಲರೂ ಕೈ ಅಡ್ಡ ಹಿಡಿದರು.

"ಚೆಕಿಂಗ್‌ನೋರು ಬಂದ್ರೆ ನನ್ ಕುತ್ಗೆಗೆ ಬತ್ತದೆ ಕಣ್ರವ್ವ" ಎಂದು ಅವನು ಕೆಲವು ದಿನ ಜಗಳವಾಡಿದ.

"ಈ ರೋಡಿಗೆ ಯಾವ ಚೆಕಿಂಗ್ ಬಂದಾತು? ಆನೆ ಬತ್ತವೆ, ಅವು ಟಿಕೀಟು ಕೇಳಲ್ಲ" ಎಂದಿದ್ದಳು ಮುತ್ತಿ.

ಅವನು ನಕ್ಕುಬಿಟ್ಟ. ಆಮೇಲೆ ಕೇಳುವುದನ್ನೂ ಬಿಟ್ಟ. ಚಿಕ್ಕಬಸಮ್ಮನಿಗೆ ಕಾಯಿಲೆಯಾದ ಮೇಲೆ ಅವಳ ರಟ್ಟೆ ಹಿಡಿದು ಹತ್ತಿಸುತ್ತಿದ್ದವನೂ ಅವನೇ. ವಾಪಸ್ಸು ಬರುವಾಗ ಸ್ಟಾಪಿಲ್ಲದ ಆಸ್ಪತ್ರೆ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಅವಳು ಕೂರುವವರೆಗೂ ಸೀಟಿ ಊದುತ್ತಿರಲಿಲ್ಲ.

ಡಿಪೋ ಕಾಂಪೌಂಡಿನ ನೆರಳಿನಲ್ಲಿ ಹೆಂಗಸರು ಕೂತರು. ವಿಷಯ ತಿಳಿದ ಶಶಿಕುಮಾರ್‌ಗೆ ಖುಷಿಯಾದಂತಿತ್ತು.

"ಅಷ್ಟೇ ತಾನೆ? ಕಂಡಕ್ಟ್ರು ಟಿಕೆಟ್ ಕೊಡ್ತಿರಲಿಲ್ಲ ಅಂತ ಹೇಳ್ಬುಡಿ. ಕೇಸ್ ನಮ್ ಕಡೆ ತಿರುಗ್ತದೆ."

"ಅಂಗಂದ್ರೆ ಆ ಅಣ್ಣುನ್ನ ಮನೆಗೆ ಕಳುಸ್ತಾರೆ" ಎಂದಳು ಮುತ್ತಿ.

"ಅವ್ನು ಸರ್ಕಾರದೋನು ಕಣಮ್ಮ. ಇವತ್ತು ತೆಗೆದ್ರೆ ನಾಳೆ ಆಕ್ಕೋತಾರೆ."

"ಅಷ್ಟು ಸುಲ್ಬ ಇದ್ರೆ ನೀನೇ ಸದಸ್ಯನ ಸೀಟು ಬುಟ್ಟು ತೋರ್ಸಣ್ಣ."

ಚಿಕ್ಕಬಸಮ್ಮ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕೂತಿದ್ದಳು. ಏದುಸಿರು ಬಿಡುತ್ತಿದ್ದಳು. "ಬ್ಯಾಡ" ಎಂದಳು. "ಈಸ್ಕಬ್ಯಾಡಿ ಅಂದೋಳು ನಾನು. ಅವ್ನಿಗೆ ಮಕ್ಳು ಮರಿ ಅವೆ. ಬಸ್ಸು ಇಲ್ದಿದ್ರೆ ಇಲ್ಲ. ಎದ್ದೇಳಿ, ಊರಿಗೋಗಾನ."

ಸರಿಯೆಂದು ಒಬ್ಬೊಬ್ಬರಾಗಿ ಎದ್ದರು. ನೀಲಾ ಅತ್ತೆಯ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಕೊಂಡಿತ್ತು. ನರ್ಸ್ ಹೇಳಿದ್ದು ನೆನಪಾಯಿತು. ಚೆಲುವರಾಜು ನೆನಪಾದ. ಎರಡೂ ಯಾರದೋ ಮನೆಯ ವಿಷಯದಂತೆ ದೂರದಲ್ಲಿದ್ದವು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಳಗೆ ಬ್ಯಾಗು ಮರೆತು ಬಂದೆ ಎಂದು ಹೇಳಿ ಹೊರಟಳು. ಬ್ಯಾಗು ಅವಳ ಹೆಗಲ ಮೇಲೇ ಇತ್ತು. ಅದನ್ನು ಎಲ್ಲರೂ ನೋಡಿದರು. ಯಾರೂ ಹೇಳಲಿಲ್ಲ.

ಮ್ಯಾನೇಜರ್ ಊಟದ ಡಬ್ಬಿ ಬಿಚ್ಚುತ್ತಿದ್ದ.

"ಸಾರ್, ನಾವು ದಿನಾ ಹತ್ತುತ್ತಿದ್ದೆವು. ಟಿಕೆಟ್ ನಾವೇ ಬೇಡ ಅಂದೆವು. ಜಾಸ್ತಿ ಆದರೆ ಬಸ್ ನಿಲ್ಲಿಸ್ತೀರ ಅಂದುಕೊಂಡಿದ್ದೆವು."

ಅವನು ಡಬ್ಬಿಯ ಮುಚ್ಚಳ ಪಕ್ಕಕ್ಕಿಟ್ಟ. "ತಗೊಂಡಿದ್ರೆ ನಿಲ್ಲಿಸ್ತಾನೇ ಇರಲಿಲ್ಲವಲ್ಲಮ್ಮ."

"ಹೌದು ಸಾರ್."

"ಕಂಡಕ್ಟರ್ ಯಾರು?"

"ಅವರದ್ದು ತಪ್ಪಿಲ್ಲ ಸಾರ್. ಅವರು ಕೊಡೋದಕ್ಕೇ ಬರ್ತಿದ್ರು."

"ಯಾರು ಅಂತ ನನಗೆ ಗೊತ್ತಾಗದೇನಲ್ಲ. ಆದರೆ ಪ್ಯಾಸೆಂಜರ್ ಒಬ್ಬರು ಹೇಳಬೇಕು. ಇಲ್ಲದಿದ್ದರೆ ಜನ ಇದ್ದರು ಅಂತ ನಾನು ಮೇಲೆ ಹೇಗೆ ಬರೀಲಿ?"

ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಅದರ ಮೇಲೆ ಕಡಲೆಬೀಜಗಳಿದ್ದವು. ನೀಲಾ ಅವನ್ನು ನೋಡುತ್ತಾ ಹೆಸರು ಹೇಳಿದಳು. ಅವನು ಬರೆದುಕೊಟ್ಟದ್ದನ್ನು ಓದಿ ಸಹಿ ಹಾಕಿದಳು. ಓದುವಾಗ ಒಂದು ಕಡೆ 'ನಿರ್ಲಕ್ಷ್ಯ' ಎಂದಿತ್ತು. ಅದು ಬೇಡ ಎನ್ನಬೇಕೆಂದುಕೊಂಡಳು. ಅನ್ನಲಿಲ್ಲ.

ಬಸ್ಸು ಮುಂದಿನ ವಾರವೇ ಬಂತು. ಊರ ಬಾಗಿಲಲ್ಲಿ ಶಶಿಕುಮಾರ್‌ಗೆ ಅಭಿನಂದನೆಯ ಹೊಸ ಫ್ಲೆಕ್ಸ್ ಎದ್ದಿತು. ಕಂಡಕ್ಟರ್ ಹೊಸಬ. ಅವನು ಆಧಾರ್ ಕಾರ್ಡ್ ನೋಡಿ ಟಿಕೆಟ್ ಕೊಟ್ಟ, ಹೆಂಗಸರು ಈಸಿಕೊಂಡು ಜಾಕೆಟಿನೊಳಗೆ ಇಟ್ಟುಕೊಂಡರು. ಚೆಲುವರಾಜು ಸಸ್ಪೆಂಡ್ ಆಗಿದ್ದಾನೆಂದು ಡ್ರೈವರ್ ಹೇಳಿದ. ಬಸ್ಸಿನಲ್ಲಿ ಯಾರೂ ನೀಲಾಳನ್ನು ಬೈಯಲಿಲ್ಲ. ಒಳ್ಳೆಯದು ಮಾಡಿದೆ ಎಂದೂ ಹೇಳಲಿಲ್ಲ. ಮುತ್ತಿ ಮೊದಲಿನಂತೆ ತಮಾಷೆ ಮಾಡುತ್ತಿದ್ದಳು, ಆದರೆ ಬೇರೆಯವರ ಜೊತೆ. ಅತ್ತೆ ಹತ್ತುವಾಗ ಸೊಸೆ ಕೈ ಚಾಚಿದರೆ ಹಿಡಿಯುತ್ತಿರಲಿಲ್ಲ, ಕಂಬಿ ಹಿಡಿದು ಎಳೆದುಕೊಂಡು ಹತ್ತುತ್ತಿದ್ದಳು. ಮನೆಯಲ್ಲಿ ಮಾತಿತ್ತು. ಸಾರಿಗೆ ಉಪ್ಪು ಸಾಕಾ, ಎಮ್ಮೆಗೆ ಹುಲ್ಲು ಹಾಕಿದೆಯಾ. ಕಾಲಿನ ಊತ ಇಳಿದಿತ್ತು.

ಒಂದು ಮಂಗಳವಾರ ಅತ್ತೆಯನ್ನು ಮೆಷಿನ್ನಿಗೆ ಹಾಕಿದ ಮೇಲೆ ನೀಲಾ ಆಸ್ಪತ್ರೆ ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದಳು. ಚೆಲುವರಾಜು ಬಂದು ಪಕ್ಕದಲ್ಲಿ ನಿಂತ. ಖಾಕಿ ಇಲ್ಲದೆ ಅವನು ಚಿಕ್ಕವನಂತೆ ಕಾಣುತ್ತಿದ್ದ.

"ಅವ್ವ ಎಂಗವ್ರೆ?"

"ಪರವಾಗಿಲ್ಲ."

"ಸಹಿ ಹಾಕಿದೋರು ನೀವು ಅಂತ ಗೊತ್ತಾಯ್ತು ಕಣಕ್ಕ."

ನೀಲಾ ಲೋಟ ಕೆಳಗಿಟ್ಟಳು.

"ಬೈಯಕ್ಕೆ ಬಂದಿಲ್ಲ. ಮೊದ್ಲು ಸಿಟ್ಟು ಬಂದಿತ್ತು, ಸುಳ್ಯಾಕೆ. ಶುಕ್ರವಾರ ಎನ್‌ಕ್ವೈರಿ ಅದೆ. ಟಿಕೆಟ್ ನೀವೇ ಬ್ಯಾಡ ಅಂದ್ರಿ ಅಂತ ಬಾಯಲ್ಲಿ ಹೇಳೋಕೆ ಒಬ್ರಾದ್ರೂ ಬೇಕು. ಯಾರ್ನ ಕೇಳಿದ್ರೂ ನಮ್ಗ್ಯಾಕಪ್ಪ ಆಫೀಸು ಅಂತಾರೆ."

"ಬರ್ತೀನಿ" ಎಂದಳು.

ಶುಕ್ರವಾರ ಅತ್ತೆಗೆ ಸೂಜಿ ಚುಚ್ಚಿದ ಕೂಡಲೇ ನೀಲಾ ಡಿಪೋಗೆ ನಡೆದಳು. ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಳು. ಮೊದಲು ಏನು, ಆಮೇಲೆ ಏನು, 'ನಿರ್ಲಕ್ಷ್ಯ' ಎಂಬ ಮಾತು ನಮ್ಮದಲ್ಲ ಎಂದು ಎಲ್ಲಿ ಹೇಳಬೇಕು. ಎನ್‌ಕ್ವೈರಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಚೆಲುವರಾಜು ನಿಂತಿರುವುದು ಪರದೆಯ ಸಂದಿಯಲ್ಲಿ ಕಾಣುತ್ತಿತ್ತು. ಅವನ ಕೈಗಳು ಬೆನ್ನ ಹಿಂದೆ ಇದ್ದವು. ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದ.

"ನನ್ನನ್ನು ಕರೆಯಲಿಲ್ಲವಲ್ಲ?" ಎಂದು ಎದ್ದು ನಿಂತಳು.

"ಹೊರಗೆ ಅವ್ರೆ ಅಂದೆ. ಅವರ ಹೇಳಿಕೆ ಆಗ್ಲೇ ಫೈಲಲ್ಲಿ ಅದಲ್ಲ, ಸಾಕು ಅಂದ್ರು."

"ನಾನು ಒಳಗೆ ಹೋಗಿ ಹೇಳ್ತೀನಿ."

ಹೋದಳು. ಒಳಗೆ ಎನ್‌ಕ್ವೈರಿಯ ಸಾಹೇಬರು ಕನ್ನಡಕ ತೆಗೆಯುತ್ತಿದ್ದರು. ಅವಳು ಜೋಡಿಸಿಕೊಂಡದ್ದನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು. "ಆಯ್ತಮ್ಮ" ಎಂದರು. ಬರೆದುಕೊಳ್ಳಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. "ಆಯ್ತು ಅಂದೆನಲ್ಲಮ್ಮ" ಎಂದರು.

ಹೊರಗೆ ಬಂದಾಗ ಚೆಲುವರಾಜು ಗೇಟು ದಾಟಿ ಹೋಗಿದ್ದ.

ಅವಳು ಆಸ್ಪತ್ರೆಗೆ ಮರಳಿದಾಗ ಮೆಷಿನ್ ನಿಲ್ಲಿಸುತ್ತಿದ್ದರು. ಚಿಕ್ಕಬಸಮ್ಮ ಕಣ್ಣು ಬಿಟ್ಟಳು.

"ಎಲ್ಲಿಗೋಗಿದ್ದೆ?"

"ಡಿಪೋಗೆ ಅತ್ತೆ."

"ಚೀಟಿ ಬ್ಯಾಡ ಅಂದೋರು ನಾವೇ ಅಂತ ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಆಯ್ತು ಅಂದ್ರು."

ಚಿಕ್ಕಬಸಮ್ಮ ಛಾವಣಿ ನೋಡಿದಳು. ನರ್ಸ್ ಸೂಜಿ ತೆಗೆದು, ಹತ್ತಿ ಇಟ್ಟು, ರಕ್ತ ನಿಲ್ಲುವವರೆಗೂ ಒತ್ತಿ ಹಿಡಿಯಿರಿ ಎಂದಳು. ಅತ್ತೆ ತೋಳನ್ನು ಸೊಸೆಯ ಕಡೆಗೆ ಚಾಚಿದಳು. ನೀಲಾ ಒತ್ತಿ ಹಿಡಿದಳು. ಪಕ್ಕದ ಹಾಸಿಗೆಯ ಚಾದರ ಬದಲಾಯಿಸುತ್ತಿದ್ದರು. ಮಧ್ಯಾಹ್ನದ ಪಾಳಿಯವರು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದರು.